ಮೂರು ಸಲ ಹೆಸರು ಬದಲಾದ ಕಾರ್ಖಾನೆ

ಅಪ್ಪ ಚನ್ನರಾಯಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಗಂಡುಮಕ್ಕಳಿಲ್ಲದ ಮನೆ. ತಮಗೆ ಗೊತ್ತಿದ್ದನ್ನೆಲ್ಲ ಅವರು ನನಗೇ ಕಲಿಸಿದರು. ಸ್ಕೇಲಿಲ್ಲದೆ ನೇರ ಗೆರೆ ಎಳೆಯುವುದು, ಉಸಿರು ಹಿಡಿದು ವೃತ್ತ ಮುಗಿಸುವುದು, ಇಂಕಿನ ನಿಬ್ಬನ್ನು ಎಷ್ಟು ಓರೆ ಹಿಡಿದರೆ ಗೆರೆ ಎಷ್ಟು ದಪ್ಪ ಬರುತ್ತದೆ ಎನ್ನುವುದು. "ಇವೆಲ್ಲ ಹೆಣ್ಣುಮಗಳಿಗೆ ಯಾವ ಉಪಯೋಗಕ್ಕೆ?" ಎಂದು ಅಮ್ಮ ಕೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಹಾಸನಕ್ಕೆ, ಅಕ್ಕನ ಮನೆಗೆ ಬಂದೆವು. ಭಾವ ಅಲ್ಲಿ ಕೋರ್ಟಿನಲ್ಲಿ ಗುಮಾಸ್ತರು. ಐವತ್ತರ ದಶಕ ಅರ್ಧ ಕಳೆದಿತ್ತು. ನನಗೆ ಇಪ್ಪತ್ತೆರಡು ವರ್ಷ.

ಒಂದು ಸಂಜೆ ಭಾವ ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿದರು. "ಲೇತು ಮಾಡೋ ಕಾರ್ಖಾನೇಲಿ ಟ್ರೇಸರ್ ಬೇಕಂತೆ. ಹೆಂಗಸಾದ್ರೂ ಸರಿ, ಕೈ ಸ್ಥಿರ ಇರಬೇಕು ಅಂದರು. ಹೋಗ್ತೀಯಾ?"

ಲೇತು ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಕಬ್ಬಿಣದ ಸರಳನ್ನು ಹಿಡಿದು ಗಿರಗಿರನೆ ತಿರುಗಿಸಿ, ಅದಕ್ಕೆ ಉಳಿ ತಾಗಿಸಿ, ಬೇಕಾದ ಅಳತೆಗೆ ಕಡೆಯುವ ಯಂತ್ರ ಅದು. ಬೇರೆ ಯಂತ್ರಗಳ ಭಾಗಗಳನ್ನು ಹೆರುವ ಯಂತ್ರ ಎಂದು ಯಜಮಾನರು ಹೇಳುತ್ತಿದ್ದರು. ಕಾರ್ಖಾನೆ ಅವರದು. ಮೊದಲು ಅಕ್ಕಿ ಮಿಲ್ಲುಗಳ ಶಾಫ್ಟು, ಬಸ್ಸುಗಳ ಆಕ್ಸಲ್ಲು ರಿಪೇರಿ ಮಾಡುತ್ತಿದ್ದವರು, ತಮ್ಮ ಶೆಡ್ಡಿನಲ್ಲಿದ್ದ ಇಂಗ್ಲಿಷ್ ಲೇತನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಅಳೆದು, ಅಂಥದ್ದೇ ಇನ್ನೊಂದನ್ನು ಮಾಡಿದ್ದರು. ಅದು ಕೆಟ್ಟಿತು. ಎರಡನೆಯದು ನಡೆಯಿತು.

ನನ್ನ ಪರೀಕ್ಷೆಗೆ ಅವರು ಒಂದು ಪೆನ್ಸಿಲ್ ನಕ್ಷೆ ಕೊಟ್ಟರು, ಅದರ ಮೇಲೆ ಹಾಸಲು ತೆಳು ನೀಲಿ ಬಣ್ಣದ ಗಂಜಿ ಹಾಕಿದ ಬಟ್ಟೆ ಕೊಟ್ಟರು. ಟ್ರೇಸಿಂಗ್ ಬಟ್ಟೆ ಎಂದರೆ ಅದೇ. ಕೆಳಗಿನ ಗೆರೆ ಮೇಲೆ ಕಾಣುತ್ತದೆ, ಅದರ ಮೇಲೆ ಇಂಕಿನಲ್ಲಿ ತಿದ್ದಬೇಕು. ಒಂದು ಹನಿ ಬೆವರು ಬಿದ್ದರೂ ಬಟ್ಟೆ ಬೆಳ್ಳಗೆ ಕಲೆಯಾಗುತ್ತದೆ. ನಾನು ಸೆರಗನ್ನು ಅಂಗೈ ಕೆಳಗೆ ಮಡಿಸಿಟ್ಟುಕೊಂಡು ಬರೆದೆ. ಯಜಮಾನರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಕೆಲಸ ನಿನ್ನದೇ ಕಣಮ್ಮ. ಆದ್ರೆ ಹದಿನೈದು ದಿನ ಬಿಟ್ಟು ಬಾ."

ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಹದಿನೈದು ದಿನ ಬಿಟ್ಟು ಹೋದಾಗ ಗೊತ್ತಾಯಿತು. ಕಾರ್ಖಾನೆಯಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ಅದನ್ನು ಕಟ್ಟಿಸುವುದಕ್ಕೆ ನನ್ನನ್ನು ಕಾಯಿಸಿದ್ದರು.

ನನ್ನ ಕೋಣೆಗೂ ಕಾರ್ಖಾನೆಯ ಒಳಭಾಗಕ್ಕೂ ನಡುವೆ ಒಂದು ಕಿಟಕಿ. ಆ ಕಿಟಕಿಯಾಚೆ ಮೇಸ್ತ್ರಿ ಕೆಲಸ ಮಾಡುತ್ತಿದ್ದ. ಸಾಲಗಾಮೆ ಕಡೆಯ ರೈತರ ಮನೆಯವನು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು. ಲೇತಿನ ಉಳಿ ಜಾರಿಕೊಂಡು ಓಡಾಡುವ ಉದ್ದನೆಯ ಕಬ್ಬಿಣದ ಹಾಸನ್ನು ಸಮ ಮಾಡುವುದು ಅವನ ಕೆಲಸ. ಅದಕ್ಕೆ ಯಂತ್ರ ಸಾಲದು, ಕೈಯೇ ಬೇಕು. ನೀಲಿ ಬಣ್ಣ ಸವರಿದ ಮಟ್ಟದ ಹಲಗೆಯನ್ನು ಹಾಸಿನ ಮೇಲೆ ಉಜ್ಜಿದರೆ ಎಲ್ಲಿ ಉಬ್ಬಿದೆಯೋ ಅಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಅಷ್ಟನ್ನು ಮಾತ್ರ ಚಪ್ಪಟೆ ಉಳಿಯಿಂದ ಕೆರೆಯಬೇಕು. ಮತ್ತೆ ಬಣ್ಣ, ಮತ್ತೆ ಕೆರೆತ. ಒಂದು ಹಾಸು ಮುಗಿಯಲು ಒಂಬತ್ತು ಹತ್ತು ದಿನ.

"ಇಷ್ಟು ಸಮ ಆದ್ರೆ ಸಾಲದಾ?" ಎಂದು ನಾನೊಮ್ಮೆ ಕಿಟಕಿಯಿಂದ ಕೇಳಿದೆ.

"ಕಣ್ಗೆ ಸಾಲ್ತದೆ ಕಣವ್ವ. ಬೆರಳ್ಗೆ ಸಾಲ್ದು," ಎಂದ. ಬೆರಳಿನ ತುದಿಯನ್ನು ಹಾಸಿನ ಮೇಲೆ ಎಳೆದು, ನನಗೆ ಕಾಣದ ಒಂದು ಜಾಗದಲ್ಲಿ ನಿಲ್ಲಿಸಿದ. "ಇಲ್ಲೈತೆ ನೋಡು, ಕಳ್ಳ."

ಎರಕದ ಕೆಲಸ ಹಾಸನದಲ್ಲಿ ಆಗುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಒಂದು ಎರಕದ ಮನೆಯಿತ್ತು. ಕಬ್ಬಿನ ಗಾಣಗಳನ್ನು ಎರಕ ಹೊಯ್ದು ಹೆಸರು ಮಾಡಿದ್ದ ಶೆಟ್ಟರು ಅದರ ಒಡೆಯರು. ಅಲ್ಲಿಂದ ರೈಲಿನಲ್ಲಿ ಹಾಸುಗಳು ಬರುತ್ತಿದ್ದವು. ಕಡೆದಾಗ ಒಳಗೆ ಗಾಳಿಗುಳ್ಳೆ ಕಂಡರೆ ವಾಪಸು. ಯಜಮಾನರು ಕೂಗಾಡುವರು, ಶೆಟ್ಟರು ಮಾರನೆಯ ರೈಲಿಗೆ ಬಂದು ಅವರೂ ಕೂಗಾಡುವರು, ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುವರು. ಹೀಗೆ ಮೂರು ವರ್ಷ ಜಗಳವಾಡಿದ ಮೇಲೆ ಎರಡೂ ಒಂದೇ ಕಂಪನಿಯಾಗುವುದೆಂದು ತೀರ್ಮಾನವಾಯಿತು.

ಅದು ನಾನು ಕಂಡ ಮೊದಲ ವಿಲೀನ. ಆ ಪದವೇ ನಮಗಾಗ ಗೊತ್ತಿರಲಿಲ್ಲ. "ಬೀಗ್ರಾದ್ರು ಕಣ್ಲಾ," ಎಂದು ಕೆಲಸಗಾರರು ನಗುತ್ತಿದ್ದರು. ಬೋರ್ಡಿನ ಮೇಲೆ ಎರಡು ಹೆಸರು ಅಕ್ಕಪಕ್ಕ ಬಂದವು. ನನ್ನ ನಕ್ಷೆಗಳ ಮೂಲೆಯಲ್ಲಿ ಕಂಪನಿಯ ಹೆಸರು ಬರೆಯುವ ಚೌಕವಿರುತ್ತದೆ. ಅದರಲ್ಲಿದ್ದ ಹಳೆಯ ಹೆಸರನ್ನು ಬ್ಲೇಡಿನಿಂದ ನವಿರಾಗಿ ಕೆರೆದು ಹೊಸದನ್ನು ಬರೆದೆ. ಒಂದು ವಾರದ ಕೆಲಸ. ಹಾಡಿಕೊಂಡು ಮಾಡಿದೆ.

ಆ ವರ್ಷವೇ ಅರಕಲಗೂಡಿನವರೊಬ್ಬರು ನಮ್ಮ ಲೇತು ಕೊಂಡರು. ಅಕ್ಕಿ ಮಿಲ್ಲು, ಪಂಪು, ಲಾರಿಗಳ ರಿಪೇರಿಗೆ ಹೊಸದಾಗಿ ವರ್ಕ್‌ಶಾಪ್ ತೆರೆದವರು. ಯಂತ್ರವನ್ನು ಲಾರಿಗೇರಿಸುವ ದಿನ ಹೆಂಡತಿಯನ್ನೂ ಕರೆತಂದಿದ್ದರು. ಆಕೆ ಲೇತಿಗೆ ಅರಿಸಿನ ಕುಂಕುಮ ಹಚ್ಚಿ, ಆಮೇಲೆ ಅಲ್ಲಿ ಹೆಂಗಸು ನಾನೊಬ್ಬಳೇ ಕಂಡಿದ್ದರಿಂದ ನನಗೂ ಹಚ್ಚಿದಳು. ಆತ ಯಜಮಾನರನ್ನು ಒಂದೇ ಪ್ರಶ್ನೆ ಕೇಳಿದರು. "ಕೆಟ್ರೆ ಏನ್ಮಾಡ್ಲಿ ಸಾ? ನಮ್ಮೂರಾಗೆ ಇದ್ನ ಬಲ್ಲೋರು ಯಾರೂ ಇಲ್ಲ."

"ನಾನಿಲ್ವೇನ್ರಿ? ಒಂದು ಹಲ್ಲು ಮುರಿದ್ರೂ ತಗೊಂಡು ಬನ್ನಿ. ಸಂಜೆ ಬಸ್ಸಿಗೆ ಹೊಸದು ಕೊಟ್ಟು ಕಳಿಸ್ತೀನಿ," ಎಂದರು ಯಜಮಾನರು.

ಅರವತ್ತರ ದಶಕ ಶುರುವಾದ ಮೇಲೆ ಉಕ್ಕು ಸಿಗುವುದು ಕಷ್ಟವಾಯಿತು. ಉಕ್ಕಿಗೆ ಪರ್ಮಿಟ್ಟು, ಹೊರದೇಶದ ಬೇರಿಂಗಿಗೆ ಲೈಸೆನ್ಸು. ಯಜಮಾನರು ಬೆಂಗಳೂರಿಗೆ ಹೋಗಿ ಕಚೇರಿಗಳ ಬೆಂಚಿನ ಮೇಲೆ ಕುಳಿತು ಬರುವರು. ಮೇಸ್ತ್ರಿಯ ಮುಂದೆ ಕೆರೆಯಲು ಹಾಸು ಇರುತ್ತಿತ್ತು, ಅದರ ಮೇಲೆ ಕೂರಿಸಲು ಬೇರಿಂಗು ಇರುತ್ತಿರಲಿಲ್ಲ. ಅರ್ಧ ಮುಗಿದ ಏಳು ಲೇತುಗಳು ಎಣ್ಣೆ ಕಾಗದ ಸುತ್ತಿಕೊಂಡು ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವು. ಆಗ ಬೊಂಬಾಯಿಯ ದೊಡ್ಡ ಕಂಪನಿಯೊಂದು ಕೇಳಿಕೊಂಡು ಬಂತು. ಅವರಿಗೆ ಪರ್ಮಿಟ್ಟಿತ್ತು, ಜರ್ಮನ್ ಕಂಪನಿಯೊಂದರ ನಕ್ಷೆಗಳಿದ್ದವು. ನಮ್ಮಲ್ಲಿ ಕೈಯಿತ್ತು.

ಯಜಮಾನರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದರು. "ಬದಲಾಗೋದು ಹೆಸರು ಮಾತ್ರ. ನೀವೂ ಇಲ್ಲೇ, ನಾನೂ ಇಲ್ಲೇ."

"ನಾವ್ ಮಾಡೋ ಲೇತು ಅಂಗೇ ಇರ್ತದಾ ಸಾ?" ಎಂದು ಮೇಸ್ತ್ರಿ ಹಿಂದಿನಿಂದ ಕೇಳಿದ.

ಯಜಮಾನರು "ಇರತ್ತೆ" ಎಂದರು. ಅವರ ಪಕ್ಕದಲ್ಲಿ ನಿಂತಿದ್ದ ಶೆಟ್ಟರು ತಲೆ ಎತ್ತಲಿಲ್ಲ.

ಹೊಸ ಮ್ಯಾನೇಜರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಕನ್ನಡ ಬಾರದು. ನನ್ನನ್ನು "ಸಿಸ್ಟರ್" ಎನ್ನುತ್ತಿದ್ದರು. ಅವರನ್ನು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಸುಳ್ಳಾಡಿದಂತೆ. ಬೆಳಿಗ್ಗೆ ಬೊಂಬಾಯಿಯಿಂದ ಕಾಗದ ಬರುತ್ತಿತ್ತು, ಅದರಲ್ಲಿದ್ದುದನ್ನು ಸಂಜೆಯೊಳಗೆ ಮಾಡಿ ಮುಗಿಸುತ್ತಿದ್ದರು. ಹೊಸ ಲೇತಿನ ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ನಮ್ಮದು ಅಂಗುಲದ ಲೆಕ್ಕ. ಹಾಸನ್ನು ಕೆರೆಯುವುದು ನಿಂತಿತು. ಬೊಂಬಾಯಿಯಲ್ಲಿ ಅದಕ್ಕೆ ಉಜ್ಜುವ ಯಂತ್ರವಿತ್ತಂತೆ, ಹಾಸುಗಳು ತಯಾರಾಗಿಯೇ ಬರತೊಡಗಿದವು. ಬಂದ ಪೆಟ್ಟಿಗೆಗಳನ್ನು ಬಿಚ್ಚಿ ಗ್ರೀಸು ಒರೆಸುವುದೇ ಈಗ ಮೇಸ್ತ್ರಿಯ ಕೆಲಸ. ಹೊಳೆನರಸೀಪುರದ ಎರಕದ ಮನೆಗೆ ವಾರಕ್ಕೆ ಮೂರು ದಿನ ಬೆಂಕಿ, ಆಮೇಲೆ ಒಂದು ದಿನ. ಯಜಮಾನರಿಗೆ "ಸಲಹೆಗಾರರು" ಎಂಬ ಹುದ್ದೆ, ಒಂದು ಕೋಣೆ, ಒಂದು ಕುರ್ಚಿ. ಯಾರೂ ಸಲಹೆ ಕೇಳುತ್ತಿರಲಿಲ್ಲ. ಆದರೂ ಅವರು ದಿನಾ ಎಂಟು ಗಂಟೆಗೆ ಬಂದು, ಸಂಜೆ ಸೈರನ್ನಾದ ಮೇಲೆಯೇ ಏಳುತ್ತಿದ್ದರು.

ಒಂದು ದಿನ ಮ್ಯಾನೇಜರು ನನ್ನ ಕೋಣೆಗೆ ಬಂದು, ಅಂಗುಲದ ನಕ್ಷೆಗಳೆಲ್ಲ ಇನ್ನು ಬೇಡ, ಬೀರು ಖಾಲಿ ಮಾಡಿ ಸಿಸ್ಟರ್, ಹೊಸದಕ್ಕೆ ಜಾಗ ಬೇಕು ಎಂದರು. ಬೀರುವಿನಲ್ಲಿ ನನ್ನ ಆರು ವರ್ಷವಿತ್ತು. ಒಂದೊಂದು ಚಕ್ರ, ಒಂದೊಂದು ತಿರುಪು, ಅಂಗುಲದ ಮೂವತ್ತೆರಡನೆಯ ಪಾಲಿನವರೆಗೆ. ಏನು ಮಾಡಲಿ ಎಂದು ಕೇಳಿದೆ. ಏನಾದರೂ ಮಾಡಿ ಎಂದರು.

ಆಫೀಸಿನ ಗುಮಾಸ್ತರಿಗೆ ಅದರ ಉಪಾಯ ಗೊತ್ತಿತ್ತು. ಟ್ರೇಸಿಂಗ್ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಉಜ್ಜಿದರೆ ಗಂಜಿಯೂ ಇಂಕೂ ಹೋಗಿ, ಒಳಗಿನಿಂದ ಮಲ್ಲಿನಂಥ ನವಿರಾದ ಬಿಳಿ ಬಟ್ಟೆ ಹೊರಬರುತ್ತದೆ. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಎಲ್ಲರೂ ಕಟ್ಟು ಮಾಡಿ ಹಂಚಿಕೊಂಡರು. ಬರೆದವಳು ನಾನೇ ಆದ್ದರಿಂದ ದೊಡ್ಡ ಕಟ್ಟು ನನಗೇ ಕೊಟ್ಟರು. ಅದನ್ನು ಗೌರವವೆಂದೇ ಅವರು ಕೊಟ್ಟದ್ದು. ಬೇಡ ಎನ್ನಬಹುದಿತ್ತು. ಬೇಡ ಎಂದಿದ್ದರೆ ಕಸದ ಗುಂಡಿಗೆ ಹೋಗುತ್ತಿತ್ತು.

ಅಕ್ಕನಿಗೆ ಆಗ ತಾನೇ ಹೆರಿಗೆಯಾಗಿತ್ತು. ಕಟ್ಟು ಬಿಚ್ಚಿ ನೋಡಿ ಹಿಗ್ಗಿದಳು. ಭಾನುವಾರ ಬೆಳಿಗ್ಗೆ ಹಂಡೆಯ ನೀರಿಗೆ ಸೋಡಾ ಹಾಕಿ ಅದರಲ್ಲಿ ಒಂದೊಂದನ್ನೇ ಅದ್ದಿದಳು. ನಾನೂ ಪಕ್ಕದಲ್ಲಿ ಕುಳಿತು ಉಜ್ಜಿದೆ. ಗಂಜಿ ಜಾರಿ ಜಾರಿ ಬಿಟ್ಟುಕೊಳ್ಳುತ್ತಿತ್ತು. ಗೆರೆಗಳು ಮೊದಲು ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ನೀರಾದವು. ಒಂದು ಚಕ್ರದ ನಕ್ಷೆಯ ಹಲ್ಲುಗಳನ್ನು ಬರೆಯುವಾಗ ನನಗೆ ಮೂರು ದಿನ ಕಣ್ಣುನೋವು ಬಂದಿತ್ತು. ಅದು ಹೋಗಲು ಎರಡು ನಿಮಿಷ ಸಾಕಾಯಿತು.

"ಅಳ್ತಿದೀಯೇನೇ?" ಎಂದಳು ಅಕ್ಕ.

"ಸೋಡಾ ಕಣ್ಣಿಗೆ ಬಿತ್ತು," ಎಂದೆ.

ಮಧ್ಯಾಹ್ನಕ್ಕೆ ಅಂಗಳದ ಹಗ್ಗದ ತುಂಬ ಬಿಳಿ ಬಟ್ಟೆ. ಅಕ್ಕ ಮಗುವಿಗೆ ನಾಲ್ಕು ಅಂಗಿ ಹೊಲಿದಳು. ಮಗುವಿನ ಮೈಗೆ ಅವು ಬಲು ಹಿತವಾಗಿದ್ದವು, ಅದನ್ನೂ ಹೇಳಬೇಕು.

ಅದಾಗಿ ತಿಂಗಳಾಗಿರಲಿಲ್ಲ, ಅರಕಲಗೂಡಿನವರು ಬಂದರು. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದರು. ಕೈಯಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿದ ಹಲ್ಲಿನ ಚಕ್ರವೊಂದು, ಲೇತಿನಲ್ಲಿ ಸರಳನ್ನು ತಿರುಗಿಸುವ ಹೆಡ್‌ಸ್ಟಾಕಿನದು. ಐದು ಹಲ್ಲು ಒಟ್ಟಿಗೆ ಮುರಿದಿದ್ದವು. ನೇರ ಯಜಮಾನರ ಕೋಣೆಗೆ ಹೋಗಿ ಮೇಜಿನ ಮೇಲೆ ಬಿಚ್ಚಿಟ್ಟರು.

"ಬತ್ತ ಬರೋ ಕಾಲ ಸಾ. ಮೂರು ಮಿಲ್ಲಿನ ಶಾಫ್ಟು ನನ್ನ ಶೆಡ್ನಾಗೆ ಬಿದ್ದವೆ. ಸಂಜೆ ಬಸ್ಗೆ ಕೊಟ್ಬುಟ್ರೆ ಸಾಕು."

ಯಜಮಾನರು ನನ್ನ ಕೋಣೆಗೆ ಬಂದರು. ಎಷ್ಟೋ ತಿಂಗಳಾದ ಮೇಲೆ ಅವರ ನಡಿಗೆ ಹಳೆಯ ಹಾಗಿತ್ತು. "ಹೆಡ್‌ಸ್ಟಾಕಿನ ಎರಡನೇ ಚಕ್ರ. ನಕ್ಷೆ ಕೊಡಮ್ಮ."

"ಇಲ್ಲ ಸಾರ್. ಎಲ್ಲ ತೆಗೆದುಬಿಟ್ರು."

"ಎಲ್ಲಿಗೆ ತೆಗೆದ್ರು?"

"ಒಗೆದುಬಿಟ್ವಿ," ಎಂದೆ. "ನಾನೇ ಒಗೆದೆ."

ಬೈಯುತ್ತಾರೆಂದುಕೊಂಡೆ. ಅವರು ಖಾಲಿ ಬೀರುವಿನ ಕಡೆ ನೋಡಿ, "ಹೌದಾ," ಎಂದಷ್ಟೇ ಅಂದರು. ಆಮೇಲೆ ಕಿಟಕಿಯಿಂದ ಮೇಸ್ತ್ರಿಯನ್ನು ಕರೆದರು.

ಮೇಸ್ತ್ರಿ ಚಕ್ರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನಿಗೆ ನಕ್ಷೆ ಬೇಕಿರಲಿಲ್ಲ. "ಉಳಿದಿರೋ ಹಲ್ಲು ಐತಲ್ಲ ಸಾ, ಅದ್ನೇ ಅಳ್ಕೊಂಡು ಕೊಯ್ತೀನಿ. ಒಂದರ್ಧ ದಿನ್ದ ಕೆಲ್ಸ. ಕಟರ್ ಕೊಡ್ಸಿ." ಹಲ್ಲು ಕೊಯ್ಯುವ ಅಂಗುಲದ ಕಟರುಗಳು ಸ್ಟೋರಿನಲ್ಲಿ ಬೀಗ ಹಾಕಿ ಇಟ್ಟಿದ್ದವು. ಸ್ಟೋರಿನವನು ಮ್ಯಾನೇಜರ ಚೀಟಿ ಕೇಳಿದ.

ಯಜಮಾನರು ಚೀಟಿ ಕೇಳಲು ಹೋದರು. ತಾವು ಕಟ್ಟಿಸಿದ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೇಳಿದ್ದು ನನಗೆ ಕಾಣಿಸಿತು. ಮ್ಯಾನೇಜರು ಎದ್ದು ನಿಂತು ಕುರ್ಚಿ ತೋರಿಸಿದರು. ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಯಿತು. ಹಳೆಯ ಮಾದರಿ ನಿಂತುಹೋಗಿದೆ, ಅದರ ಭಾಗಗಳನ್ನು ಮಾಡಕೂಡದೆಂದು ಬೊಂಬಾಯಿಯ ಲಿಖಿತ ಆಜ್ಞೆ ಇದೆ, ಒಂದು ಚಕ್ರಕ್ಕೆ ಕೆಲಸದ ನಂಬರು ಕೊಟ್ಟರೆ ಅದಕ್ಕೆ ತಾನು ಉತ್ತರ ಹೇಳಬೇಕು. ಬೇಕಾದರೆ ಕಾಗದ ಬರೆದು ಕೇಳುತ್ತೇನೆ, ಉತ್ತರ ಬರಲು ಮೂರು ವಾರ.

"ನನ್ನ ಕೈಯಲ್ಲಿಲ್ಲ ಸರ್," ಎಂದರಂತೆ ಕೊನೆಗೆ. ಅದೂ ನಿಜವೇ.

ಅರಕಲಗೂಡಿನವರು ಗೇಟಿನ ಹತ್ತಿರದ ಕಲ್ಲಿನ ಮೇಲೆ ಕುಳಿತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದವರು ಹೋಗಲಿಲ್ಲ. ಮಧ್ಯಾಹ್ನ ನಾನೇ ನನ್ನ ಬುತ್ತಿಯ ಚಿತ್ರಾನ್ನದಲ್ಲಿ ಅರ್ಧ ಒಯ್ದು ಕೊಟ್ಟೆ. "ಆಗ್ತಾ ಐತಾ ತಾಯಿ?" ಎಂದು ಕೇಳಿದರು. ನಾನು ಉತ್ತರ ಹೇಳದೆ ಒಳಗೆ ಬಂದೆ. ಅದು ನನ್ನ ಜೀವನದಲ್ಲಿ ನಾನು ಮಾಡಿದ ಹೇಡಿ ಕೆಲಸಗಳಲ್ಲೊಂದು.

ನಾಲ್ಕು ಗಂಟೆಗೆ ಯಜಮಾನರೇ ಗೇಟಿಗೆ ಹೋದರು. ನಿಂತುಕೊಂಡೇ ಏನೋ ಹೇಳಿದರು. ಆತ ಮೊದಲು ಕೈ ಮುಗಿದರು. ಆಮೇಲೆ ದನಿ ಏರಿತು.

"ನೀವೇ ಯೋಳಿದ್ರಲ್ಲ ಸಾ, ನಾನಿದೀನಿ ಅಂತ. ಈಗ್ಲೂ ಇದೀರಲ್ಲ ಸಾ, ಇಲ್ಲೇ ನಿಂತಿದೀರಲ್ಲ!"

ಆತ ಚಕ್ರವನ್ನು ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಮೈಸೂರಿನಲ್ಲಿ ಎಲ್ಲೋ ಚಕ್ರ ಮಾಡಿಸಿದರಂತೆ, ಅದು ಕೂಡಲಿಲ್ಲ, ಜೊತೆಯ ಚಕ್ರವನ್ನೂ ಕಡಿದುಹಾಕಿತಂತೆ. ಮುಂದಿನ ವರ್ಷ ಆ ಶೆಡ್ಡಿನಲ್ಲಿ ಸೌದೆ ಮಂಡಿಯಾಗಿದೆ ಎಂದು ಆ ಕಡೆಯ ಬಸ್ಸಿನ ಕಂಡಕ್ಟರೊಬ್ಬರು ಹೇಳಿದರು.

ಮಾರನೆಯ ದಿನ ಯಜಮಾನರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವರ ಕುರ್ಚಿಯನ್ನು ಒಂದು ವಾರ ಬಿಟ್ಟು ಟೈಪಿಸ್ಟಿಗೆ ಕೊಟ್ಟರು. ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರಿಂದ ಅಲ್ಲಿಗೇ ಹೋದರೆಂದು ಸುದ್ದಿ ಬಂತು.

ಮೂರನೆಯ ಸಲ ನಮ್ಮ ಹೆಸರು ಬದಲಾದದ್ದು ನಮಗೆ ಗೊತ್ತೇ ಆಗಲಿಲ್ಲ. ಸಂಬಳದ ಚೀಟಿಯ ಮೇಲೆ ಬೇರೆ ಹೆಸರು ಅಚ್ಚಾಗಿತ್ತು. ಬೊಂಬಾಯಿಯ ಕಂಪನಿಯನ್ನೇ ಅದಕ್ಕಿಂತ ದೊಡ್ಡ, ಬಟ್ಟೆ ಗಿರಣಿಗಳ ಯಂತ್ರ ಮಾಡುವ ಕಂಪನಿಯೊಂದು ಸೇರಿಸಿಕೊಂಡಿತ್ತು. ನಾವು ಯಾರ ಕೆಲಸದವರೆಂದು ಮ್ಯಾನೇಜರಿಗೂ ಸರಿಯಾಗಿ ತಿಳಿಯದು. ಬೋರ್ಡು ಬದಲಿಸಲು ಯಾರೂ ಬರಲಿಲ್ಲ. ಆರು ತಿಂಗಳಿಗೆ ಮ್ಯಾನೇಜರಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಕೋಣೆಗೆ ಬಂದು, "ಸಾರಿ ಸಿಸ್ಟರ್," ಎಂದರು. ಯಾವುದಕ್ಕೆಂದು ಹೇಳಲಿಲ್ಲ. ಆಮೇಲೆ ಲಾರಿಗಳು ಬಂದವು. ಹದಿನೆಂಟು ದಿನ ಯಂತ್ರಗಳನ್ನು ಕಿತ್ತು ತುಂಬಿದರು. ಬೇಕಾದವರು ಪೂನಾಕ್ಕೆ ಬರಬಹುದು ಎಂದು ನೋಟೀಸು ಹಚ್ಚಿದರು. ಮೇಸ್ತ್ರಿಗೆ ಓದಿ ಹೇಳಿದೆ.

"ಅಲ್ಲೋಗಿ ಏನ್ ಮಾಡ್ಲವ್ವ, ಗ್ರೀಸ್ ಒರ್ಸಾಕೆ?" ಎಂದ. ಹೊಳೆನರಸೀಪುರದ ಎರಕದ ಮನೆ ಅಷ್ಟು ಹೊತ್ತಿಗಾಗಲೇ ಮುಚ್ಚಿತ್ತು.

ಕಾರ್ಖಾನೆಗೆ ಬೀಗ ಬಿದ್ದ ವಾರ, ಯಜಮಾನರಿಗೆ ಲಕ್ವ ಹೊಡೆದಿದೆ ಎಂದು ಕೇಳಿ, ನಾನೂ ಮೇಸ್ತ್ರಿಯೂ ಬೆಳಗಿನ ರೈಲಿಗೆ ಹೊಳೆನರಸೀಪುರಕ್ಕೆ ಹೋದೆವು. ಮಗಳ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿಸಿದ್ದರು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಮಾತು ಬರುತ್ತಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಎರಕದ ಮನೆಯ ಶೆಟ್ಟರು ಕುಳಿತು ಪೇಪರು ಮಡಿಸುತ್ತಿದ್ದರು. ದಿನಾ ಬೆಳಿಗ್ಗೆ ಬಂದು ಪೇಪರು ಓದಿ ಹೇಳುತ್ತಾರಂತೆ.

ನಮ್ಮನ್ನು ಕಂಡು ಯಜಮಾನರ ಎಡಗೈ ಮೇಲೆದ್ದಿತು. ಬೆರಳುಗಳನ್ನು ಮುಂದೆ ಹಿಂದೆ ಆಡಿಸಿದರು. ಹಾಸನ್ನು ಕೆರೆಯುವ ಹಾಗೆ. ಕೆಲಸ ನಡೆಯುತ್ತಿದೆಯೇ ಎಂದು ಕೇಳುತ್ತಿದ್ದಾರೆ ಎಂದು ಇಬ್ಬರೂ ತಿಳಿದೆವು. ನಾನು ನೆಲ ನೋಡಿದೆ.

ಮೇಸ್ತ್ರಿ ಮಂಚದ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ. "ನಡೀತದೆ ಸಾ. ಚೆನ್ನಾಗಿ ನಡೀತದೆ. ಈಗ ಮತ್ತೆ ಕೈಲೇ ಕೆರೀರಿ ಅಂದವ್ರೆ. ಆ ಮಿಶಿನ್ ಕೆಲ್ಸ ಸರಿ ಬರ್ಲಿಲ್ವಂತೆ." ಅವನ ದನಿ ಒಂದಿಷ್ಟೂ ಅಲುಗಲಿಲ್ಲ. "ಎಲ್ಡು ಹಾಸು ಮುಗುಸ್ದೆ ಈ ತಿಂಗ್ಳು. ನಮ್ಮದೇ ಮಾದರಿ ಸಾ, ಹಳೇದೇ."

ಯಜಮಾನರು ನಿಧಾನವಾಗಿ ತಲೆ ಆಡಿಸಿದರು. ಆಮೇಲೆ ನನ್ನ ಕಡೆ ನೋಡಿದರು. ನಾನೂ ಏನಾದರೂ ಹೇಳಬೇಕಿತ್ತು. "ನಕ್ಷೆ ಎಲ್ಲ ಮತ್ತೆ ಬರೀತಿದೀನಿ ಸಾರ್," ಎಂದೆ. ಅವರ ಕಣ್ಣಿನಲ್ಲಿ ನೀರು ಬಂತು. ಒಂದೇ ಕಡೆಯಿಂದ ಇಳಿಯಿತು. ಮಗಳು ಬಂದು ಒರೆಸಿದಳು, ಕಾಫಿ ಕೊಟ್ಟಳು.

ಸ್ಟೇಷನ್ನಿನವರೆಗೂ ಶೆಟ್ಟರು ನಮ್ಮ ಜೊತೆ ನಡೆದು ಬಂದರು. ಅರ್ಧ ದಾರಿಯಲ್ಲಿ ಅವರು ಹೇಳಿದರು. "ಕಾರ್ಖಾನೆ ಮುಚ್ಚಿದ್ದು ಅವನಿಗೆ ಗೊತ್ತಮ್ಮ. ಮೊನ್ನೆ ನಾನೇ ಹೇಳಿದೆ. ಮುಚ್ಚಿಡೋಕೆ ನನ್ನ ಕೈಲಾಗಲಿಲ್ಲ."

ಮೇಸ್ತ್ರಿ ದಾರಿಯಲ್ಲೇ ನಿಂತುಬಿಟ್ಟ. "ಮತ್ತೆ ನನ್ ಮಾತಿಗೆ ತಲೆ ಆಡುಸ್ದ್ರಲ್ಲ ಸಾ?"

"ಇನ್ನೇನು ಮಾಡ್ತಾನೆ? ನೀನು ಅಷ್ಟು ದೂರದಿಂದ ಬಂದು ಹೇಳ್ತಿದ್ದೆ."

ರೈಲು ಬರುವುದಕ್ಕೆ ಇನ್ನೂ ಹೊತ್ತಿತ್ತು. ಮೇಸ್ತ್ರಿ ಪ್ಲಾಟ್‌ಫಾರಂ ಕೊನೆಗೆ ಹೋಗಿ ಬೆನ್ನು ತಿರುಗಿಸಿ ನಿಂತ. ನಾನು ಅವನ ಹತ್ತಿರ ಹೋಗಲಿಲ್ಲ.

ಯಜಮಾನರು ಆ ಬೇಸಿಗೆ ದಾಟಲಿಲ್ಲ. ಮೇಸ್ತ್ರಿ ಸಾಲಗಾಮೆಗೆ ಹೋಗಿ ಅಣ್ಣನ ಜೊತೆ ಹೊಲಕ್ಕೆ ಇಳಿದ. ಸಂತೆಯ ದಿನ ಹಾಸನದಲ್ಲಿ ಸಿಕ್ಕರೆ, ಅಂಗಡಿಯ ಮುಂದೆ ನಿಂತು, ಮಳೆ, ರಾಗಿ, ಅವನ ಮಗಳ ಮದುವೆ ಎಲ್ಲ ಮಾತಾಡುತ್ತಿದ್ದೆವು. ಕಾರ್ಖಾನೆಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ನನಗೆ ನೀರಾವರಿ ಕಚೇರಿಯಲ್ಲಿ ಟ್ರೇಸರ್ ಕೆಲಸ ಸಿಕ್ಕಿತು. ಹೇಮಾವತಿಗೆ ಅಣೆಕಟ್ಟು ಕಟ್ಟುವ ಸರ್ವೆ ಆಗ ನಡೆಯುತ್ತಿತ್ತು. ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬ ಗೆರೆಯನ್ನು ಇಂಜಿನಿಯರು ಪೆನ್ಸಿಲಿನಲ್ಲಿ ಗುರುತು ಮಾಡಿ ಕೊಡುತ್ತಿದ್ದರು. ಅದರ ಒಳಗೆ ಬಾವಿ, ಗುಡಿ, ಮನೆಗಳ ಪುಟ್ಟ ಚೌಕಗಳು. ಮೊದಲ ದಿನ ನಾನು ಆ ಗೆರೆಯನ್ನು ಇಂಕಿನಲ್ಲಿ ತಿದ್ದಲು ಕುಳಿತಾಗ, ಮೇಲಧಿಕಾರಿ ಬಂದು ಭುಜದ ಹಿಂದೆ ನಿಂತು ನೋಡಿದರು.

"ಕೈ ತುಂಬ ಸ್ಥಿರವಾಗಿದೆ," ಎಂದರು.

ನಾನು ಉಸಿರು ಹಿಡಿದು ಗೆರೆ ಮುಗಿಸಿದೆ.